ತೆಳು ಗೆರೆ ಉಳಿಸಿಕೊಟ್ಟವರಿಗೆ

ನಮ್ಮ ಓರೆ ಅಕ್ಷರದ ಕನ್ನಡ ಫಾಂಟ್ ಈ ವಾರ ಮುಗಿಯಿತು. ಮದುವೆ ಕಾರ್ಡು, ಕಾಫಿಪುಡಿ ಪ್ಯಾಕೆಟ್, ಹೋಂಸ್ಟೇ ಬೋರ್ಡು ಇಂಥ ದೊಡ್ಡ ಅಕ್ಷರದ ಕೆಲಸಕ್ಕೆಂದೇ ಮಾಡಿದ್ದು. ದಪ್ಪ ಗೆರೆ ತೀರಾ ದಪ್ಪ, ತೆಳು ಗೆರೆ ತೀರಾ ತೆಳು. ಇಂಗ್ಲಿಷ್ ಅಕ್ಷರದ ಬೊಡೋನಿ, ಡಿಡೋ ಜಾತಿಯ ಫಾಂಟುಗಳ ಇಟಾಲಿಕ್ (ಓರೆ ಅಕ್ಷರ) ಪಕ್ಕದಲ್ಲಿ ಕೂತಾಗ ಕನ್ನಡ ಸಪ್ಪೆಯಾಗಿ ಕಾಣಬಾರದು ಎಂಬುದೇ ಆಸೆ. ಕಂಪ್ಯೂಟರ್ ಪರದೆಯಲ್ಲಿ ಮೊದಲಿನಿಂದಲೂ ಚೆನ್ನಾಗಿಯೇ ಕಂಡಿತು. ಕಾಗದದ ಮೇಲೆ, ಬೋರ್ಡಿಗೆ ಅಂಟಿಸುವ ವಿನೈಲ್ ಹಾಳೆಯಲ್ಲಿ, ಕೊಡಗಿನ ಮಳೆಗಾಲದಲ್ಲಿ ಅದು ಉಳಿಯುವಂತೆ ಮಾಡಿದವರು ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಕೆಲಸಗಾರರು.

ಮೊದಲ ನಮಸ್ಕಾರ ಸ್ಕ್ರೀನ್ ಪ್ರಿಂಟಿಂಗ್‌ನವರಿಗೆ. ಅಕ್ಷರ ಕೂರುವ ಚೌಕದ ಎತ್ತರವನ್ನು 1000 ಪಾಲು ಮಾಡಿದರೆ ನಮ್ಮ ದಪ್ಪ ಗೆರೆ 118 ಪಾಲು, ತೆಳುವಿನದು 22. 24 ಪಾಯಿಂಟಿನಲ್ಲಿ ಈ 22 ಎಂದರೆ ಬರೀ 0.19 ಮಿ.ಮೀ. ಸೆಂ.ಮೀ.ಗೆ 120 ಎಳೆಯ ಮೆಶ್ (ಶಾಯಿ ಇಳಿಯುವ ಬಲೆಬಟ್ಟೆ), ಕಪ್ಪು ಶಾಯಿ ಇದ್ದರೆ ಹೇಗೋ ಬರುತ್ತದೆ. ಮದುವೆ ಕಾರ್ಡಿಗೆ ಜನ ಕೇಳುವುದು ಚಿನ್ನದ ಬಣ್ಣ. ಅದರ ಲೋಹದ ಕಣ ದೊಡ್ಡದು, 120ರ ಮೆಶ್‌ನಲ್ಲಿ ಕಟ್ಟಿಕೊಳ್ಳುತ್ತದೆ. 77ಕ್ಕೆ ಬಂದರೆ ಶಾಯಿ ಸಲೀಸಾಗಿ ಇಳಿಯುತ್ತದೆ, ಆದರೆ ತೆಳು ಗೆರೆಯ ಅಂಚು ಗರಗಸದ ಹಲ್ಲಿನಂತಾಗುತ್ತದೆ. ತೆಳುವನ್ನು 34 ಪಾಲಿಗೆ ಏರಿಸಿ ಇನ್ನೊಂದು ಅಚ್ಚು ಕೊಡಿ ಎಂದು ಹೇಳಿದವರು ಅವರೇ. ಅದೇ 24 ಪಾಯಿಂಟಿನಲ್ಲಿ ಈಗ 0.29 ಮಿ.ಮೀ. ಸಿಗುತ್ತದೆ. ಹಾಗಾಗಿ ಫಾಂಟ್ ಎರಡು ಅಚ್ಚಿನಲ್ಲಿದೆ: 36 ಪಾಯಿಂಟಿನಿಂದ ಮೇಲೆ 22ರದ್ದು, ಕೆಳಗೆ ಮತ್ತು ಚಿನ್ನದ ಬಣ್ಣಕ್ಕೆ 34ರದ್ದು.

ಮೆಶ್‌ಗೆ ಬಳಿಯುವ, ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ಎಮಲ್ಷನ್ ಎಂಬ ಲೇಪದ ವಿಷಯದಲ್ಲೂ ಅವರ ಮಾತು ಬಹಳ ಬೆಲೆಯದು. ಬೆಳಕು ಹೆಚ್ಚು ಹೊತ್ತು ಬಿದ್ದರೆ ಅದು ಪಾಸಿಟಿವ್‌ನ (ಅಕ್ಷರ ಕಪ್ಪಾಗಿರುವ ಫಿಲ್ಮಿನ) ಅಂಚಿನಡಿ ನುಸುಳಿ ತೆಳು ಗೆರೆಯನ್ನು ಮುಚ್ಚಿಬಿಡುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಇನ್ನೊಂದು ತೊಂದರೆ: ಬಳಿದ ಎಮಲ್ಷನ್ ಒಳಗೆ ಹಸಿಯಾಗಿಯೇ ಉಳಿದು, ಸರಿಯಾಗಿ ಗಟ್ಟಿಯಾಗದೆ, ತೊಳೆಯುವಾಗ ಕಿತ್ತು ಬರುತ್ತದೆ. ಪೂರ್ತಿ ಒಣಗಿದ ಮೇಲೇ ಬೆಳಕಿಗೆ ಇಡಬೇಕು. ಆಫ್‌ಸೆಟ್‌ನವರೂ ಮಳೆಗಾಲಕ್ಕೆ ಒಂದು ಮಾತು ಸೇರಿಸಿದರು: ಕಾಗದದ ರೀಮನ್ನು ಮುದ್ರಣಕ್ಕೆ ಮೊದಲೇ ಬಿಚ್ಚಿಡಬೇಡಿ, ಅಂಚು ತೇವ ಹೀರಿ ಅಲೆಯಲೆಯಾಗುತ್ತದೆ, ಎರಡನೇ ಬಣ್ಣ ತನ್ನ ಜಾಗದಲ್ಲಿ ಕೂರುವುದಿಲ್ಲ.

ಬೋರ್ಡು ಮಾಡುವ ಸ್ಟಿಕರ್ ಅಂಗಡಿಯವರಿಗೂ ವಂದನೆ. ವಿನೈಲ್ ಕತ್ತರಿಸುವ ಪ್ಲಾಟರ್ ಯಂತ್ರ ಎಷ್ಟು ತೆಳುವಾಗಿ ಬೇಕಾದರೂ ಕತ್ತರಿಸುತ್ತದೆ. ಆದರೆ ಬೇಡದ ವಿನೈಲ್ ಕೀಳುವಾಗ 2 ಮಿ.ಮೀ.ಗಿಂತ ಸಣ್ಣ ಗೆರೆಯೂ ಜೊತೆಗೇ ಎದ್ದು ಬರುತ್ತದೆ. ಆದ್ದರಿಂದ ಅಕ್ಷರದ ಚೌಕ 10 ಸೆಂ.ಮೀ. ಇದ್ದರೆ 22ರ ಅಚ್ಚು ಸಾಕು, 6 ಸೆಂ.ಮೀ.ವರೆಗೆ 34ರದ್ದು ತಾಳುತ್ತದೆ. ಅದಕ್ಕೂ ಚಿಕ್ಕದಕ್ಕೆ ಈ ಫಾಂಟ್ ಬೇಡ.

ಡಿಟಿಪಿ ಮಾಡುವ ಅಕ್ಕಂದಿರ ಋಣ ದೊಡ್ಡದು. ನೇರ ಅಕ್ಷರವನ್ನು ಸಾಫ್ಟ್‌ವೇರಿನಲ್ಲಿ 11 ಡಿಗ್ರಿ ವಾಲಿಸಿದ ಮಾತ್ರಕ್ಕೆ ಅದು ಇಟಾಲಿಕ್ ಆಗುವುದಿಲ್ಲ ಎಂಬುದನ್ನು ಮುದ್ರಿಸಿದ ಹಾಳೆ ಹಿಡಿದು ತೋರಿಸಿದವರು ಅವರು. ಎಡಬುಡದಿಂದ ಬಲತುದಿಗೆ 45 ಡಿಗ್ರಿಯಲ್ಲಿ ಏರುವ ಗೆರೆ ಶೇ. 9ರಷ್ಟು ಸಣಕಲಾಗುತ್ತದೆ, ಎದುರು ದಿಕ್ಕಿನದು ಶೇ. 10ರಷ್ಟು ಉಬ್ಬುತ್ತದೆ. ದುಂಡು ಅಕ್ಷರಗಳೇ ತುಂಬಿರುವ ಕನ್ನಡಕ್ಕೆ ಇದು ದೊಡ್ಡ ಪೆಟ್ಟು. ಸಾಲಿನಿಂದ 300 ಪಾಲು ಕೆಳಗಿರುವ ಒತ್ತು 58 ಪಾಲು ಎಡಕ್ಕೆ ಜಾರುತ್ತದೆ. ಅದನ್ನು ಬಲಕ್ಕೆ ತಂದರೆ ಮುಂದಿನ ಅಕ್ಷರದ ಬುಡಕ್ಕೆ ತಾಗುತ್ತದೆ. ಕಕ್ಕಬ್ಬೆ, ಚೆಟ್ಟಳ್ಳಿ, ಅಮ್ಮತ್ತಿ: ಒತ್ತಿನ ಬೆನ್ನಿಗೇ ಒತ್ತು ಬರುವ ಈ ಊರಿನ ಹೆಸರುಗಳನ್ನು ಅವರು ಪರೀಕ್ಷೆಗೆ ಕೊಟ್ಟರು. ಒತ್ತುಗಳ ಓರೆ 8 ಡಿಗ್ರಿಗೆ ಇಳಿದದ್ದು, ಒತ್ತಿನ ಮುಂದೆ 30 ಪಾಲು ಜಾಗ ಸೇರಿದ್ದು ಅದರಿಂದ.

ಬಳಸುವವರಲ್ಲಿ ಒಂದು ವಿನಂತಿ: ಫಾಂಟ್ ಈಗಾಗಲೇ ಓರೆಯಾಗಿದೆ, ಇಟಾಲಿಕ್ ಗುಂಡಿ ಒತ್ತಬೇಡಿ. ಪುಟ ಜೋಡಿಸುವ ಇನ್‌ಡಿಸೈನ್ ಸಾಫ್ಟ್‌ವೇರಿನಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಬಂದರೆ ಅದರಲ್ಲಿರುವ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆಯ್ದುಕೊಳ್ಳಿ.

ಕರಡು ಓದಿದ ಹಿರಿಯರಿಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು. ಭಾಗಮಂಡಲ ಎಂದು ಬರೆದದ್ದು ಬಾಗಮಂಡಲ ಎಂದು ಅಚ್ಚಾಗಿದೆ ಎಂದು ಮೊದಲು ಕಂಡುಹಿಡಿದವರು ಅವರು. ಭ, ಧ, ಫ ಅಕ್ಷರಗಳ ಬುಡದ ಸಣ್ಣ ಗೀರನ್ನು ನಾವು ತೆಳುವಾಗಿ ಎಳೆದಿದ್ದೆವು, ಮಹಾಪ್ರಾಣವೇ ಹಾರಿಹೋಗಿತ್ತು. ಈಗ ಆ ಗೀರು 60 ಪಾಲು ದಪ್ಪ. ಮೂರ್ನಾಡು ಎಂಬಲ್ಲಿ ಅರ್ಕಾವತ್ತಿನ ಬಾಲ ಉದ್ದವಾಗಿ ಕನ್ನಡದ ಒಂಬತ್ತಿನಂತೆ ಓದಿಸಿಕೊಳ್ಳುತ್ತಿತ್ತು, ಬಾಲ ಮೊಟಕಾಯಿತು. ಕೊಡವ ತಕ್ಕ್ (ಕೊಡವರ ಭಾಷೆ) ಕಾರ್ಡುಗಳಿಗೆ ಅವರು ಹಿಡಿದ ಪಟ್ಟು ಇನ್ನೂ ದೊಡ್ಡದು. ಆಯುಧ ಪೂಜೆಯ ಹಬ್ಬವಾದ ‘ಕೈಲ್ ಪೊಳ್ದ್’ ಎಂದು ಬರೆದರೆ ಒಂದೇ ಳಕಾರಕ್ಕೆ ಕೆಳಗೆ ದಕಾರದ ಒತ್ತು, ಮೇಲೆ ಅರ್ಧಾಕ್ಷರದ ಕೊಕ್ಕೆ. ‘ತಕ್ಕ್’ ಪದದಲ್ಲೂ ಹಾಗೆಯೇ. ಕನ್ನಡದಲ್ಲಿ ಅಪರೂಪವಾದ ಈ ಜೋಡಿ ಅಲ್ಲಿ ಸಾಲುಸಾಲಿಗೂ ಬರುತ್ತದೆ. ಅವರು ಬರೆದುಕೊಟ್ಟ ಪಟ್ಟಿಯ ಪ್ರತಿ ಪದಕ್ಕೂ ಕೊಕ್ಕೆಯ ಜಾಗ ಬೇರೆಯಾಗಿ ನೋಡಿ ಕೂರಿಸಲಾಗಿದೆ. ಪಟ್ಟಿಯ ಆ ಹಾಳೆಯನ್ನು ಜೋಪಾನವಾಗಿ ಎತ್ತಿಟ್ಟಿದ್ದೇವೆ.