ವಿದೇಶ ಸುತ್ತುವ ಮುನ್ನ ತಾರೀಖಿನ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ಬೆನ್ನಿಗೊಂದು ಬ್ಯಾಗು ಏರಿಸಿಕೊಂಡು ಎರಡು ಮೂರು ತಿಂಗಳು ವಿದೇಶದ ಊರುಗಳನ್ನು ಸುತ್ತುವ ಬರಹಗಳು ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಈಚೆಗೆ ಹೆಚ್ಚಾಗಿವೆ. ಚಿತ್ರಗಳೇನೋ ಚೆನ್ನಾಗಿರುತ್ತವೆ. ಆದರೆ ಅವನ್ನು ಓದಿ ಹೊರಡಲು ಮನಸ್ಸು ಮಾಡುವ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯವರಿಗೆ ಯಾವ ಕೆಲಸ ಯಾವ ತಿಂಗಳಲ್ಲಿ ಆಗಬೇಕೆಂಬುದು ಎಲ್ಲೂ ಸಿಗುವುದಿಲ್ಲ. ಉದ್ದ ಪ್ರವಾಸ ಹೆಚ್ಚಾಗಿ ಕೆಡುವುದೇ ತಾರೀಖು ತಪ್ಪಿ. ದುಡ್ಡು ಸಾಲದ್ದು ಆಮೇಲಿನ ಮಾತು.

ಕೊಡಗಿನವರಿಗೆ ಬಿಡುವಾಗುವ ಕಾಲ ಯಾವುದೆಂದು ನಮಗೆಲ್ಲ ಗೊತ್ತು. ರೊಬಸ್ಟಾ ಕಾಫಿಯ ಕೊಯ್ಲು ಮಾರ್ಚ್ ಹೊತ್ತಿಗೆ ಮುಗಿಯುತ್ತದೆ, ಹೂಮಳೆ ಬರುತ್ತದೆ, ಮೆಣಸು ಕೊಯ್ದು ಒಣಗಿಸಿದರೆ ಏಪ್ರಿಲ್ ಕೊನೆಯಿಂದ ಸ್ವಲ್ಪ ಉಸಿರಾಡಬಹುದು. ಯುರೋಪಿಗೂ ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗಿನ ಕಾಲವೇ ಹದ. ಜುಲೈ, ಆಗಸ್ಟ್‌ನಲ್ಲಿ ಹಾಸ್ಟೆಲ್ ದರ ಏರುತ್ತದೆ, ಬಿಸಿಗಾಳಿ ಬೀಸುವ ದಿನಗಳಲ್ಲಿ ಅಥೆನ್ಸಿನ ಆಕ್ರೊಪೊಲಿಸನ್ನು ನಡು ಮಧ್ಯಾಹ್ನ ಮುಚ್ಚಿಬಿಡುತ್ತಾರೆ. ಮಳೆ ಹಿಡಿಯುವ ಮುಂಚೆ ತೋಟಕ್ಕೆ ರೋಗ ತಗಲದಂತೆ ಮಾಡುವ ಬೋರ್ಡೋ ಸಿಂಪಡಣೆಯನ್ನು ಯಾರ ಕೈಗೆ ಒಪ್ಪಿಸುವುದು ಎಂಬುದು ಅವರವರ ಮನೆಯ ಪಂಚಾಯಿತಿ.

ತೊಡಕು ಶುರುವಾಗುವುದು ವೀಸಾದಲ್ಲಿ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲಾದರೂ ಹಾಕಿರಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತದೆ. ಬೇಸಿಗೆ ರಜೆಯ ನೂಕುನುಗ್ಗಲಿನಲ್ಲಿ ಬೆಂಗಳೂರಿನ ಅರ್ಜಿ ಕೇಂದ್ರಗಳಲ್ಲಿ ಭೇಟಿಯ ದಿನ ಸಿಗುವುದೇ ಕಷ್ಟ. ಹಾಗಾಗಿ ಏಪ್ರಿಲ್ ಕೊನೆಗೆ ಹೊರಡುವವರು ಜನವರಿಯಲ್ಲಿ, ಅಂದರೆ ಕಣದಲ್ಲಿ ಕಾಫಿ ಒಣಗುತ್ತಿರುವಾಗಲೇ, ಅರ್ಜಿ ಹಾಕಬೇಕು. ಅಲ್ಲಿ ಬೆಳೆಗಾರರು ಸಿಕ್ಕಿಬೀಳುವ ಜಾಗವೊಂದಿದೆ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟರೆ ಅದರಲ್ಲಿ ಕಾಣುವುದು ಜುಲೈಯಿಂದ ಡಿಸೆಂಬರ್: ಗೊಬ್ಬರ, ಸಿಂಪಡಣೆ, ವಾರದ ಬಟವಾಡೆ, ಬರೀ ಹೊರಹೋಗುವ ಹಣ. ಬೆಳೆಯ ದುಡ್ಡು ಬಂದದ್ದು ಹಿಂದಿನ ಫೆಬ್ರುವರಿ, ಮಾರ್ಚ್‌ನಲ್ಲಿ. ಅದು ಆ ಪುಟಗಳಲ್ಲಿ ಇರುವುದೇ ಇಲ್ಲ. ನೋಡುವ ಅಧಿಕಾರಿಗೆ ತೋಟದ ವರ್ಷ ಹೇಗೆ ಸಾಗುತ್ತದೆಂದು ತಿಳಿದಿರಬೇಕಾಗಿಲ್ಲ. ಆದ್ದರಿಂದ ಪೂರ್ತಿ ಹನ್ನೆರಡು ತಿಂಗಳ ಸ್ಟೇಟ್‌ಮೆಂಟನ್ನು ಬ್ಯಾಂಕಿನ ಮೊಹರಿನೊಂದಿಗೆ ಕೊಡಿ, ಒಮ್ಮೆಲೇ ಬಂದ ದೊಡ್ಡ ಮೊತ್ತದ ಪಕ್ಕ ಗುರುತು ಹಾಕಿ, ಅದಕ್ಕೆ ಕ್ಯೂರಿಂಗ್ ವರ್ಕ್ಸ್ (ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕಾರ್ಖಾನೆ) ಅಥವಾ ವ್ಯಾಪಾರಿ ಕೊಟ್ಟ ಬಿಲ್ ಲಗತ್ತಿಸಿ. ಒಂದು ಪುಟದ ವಿವರಣಾ ಪತ್ರದಲ್ಲಿ ಕೊಯ್ಲು ಯಾವಾಗ, ಮಾರಾಟ ಯಾವಾಗ ಎಂದು ಬರೆಯಿರಿ.

ಆದಾಯ ತೆರಿಗೆ ರಿಟರ್ನ್ ಎರಡನೆಯ ಕಗ್ಗಂಟು. ಕಾಫಿಯನ್ನು ಚೆರಿಯಾಗಿಯೇ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಾಗಿಯೇ, ಮಾರುವವರ ಆದಾಯ ಕೃಷಿ ಆದಾಯ, ತೆರಿಗೆ ಇಲ್ಲ. ಬೆಳೆದು ತಾವೇ ಕ್ಯೂರಿಂಗ್ ಮಾಡಿ ಮಾರುವವರಿಗೆ ಆದಾಯದ ಶೇ 25 ಮಾತ್ರ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಎಷ್ಟೋ ಮನೆಗಳಲ್ಲಿ ರಿಟರ್ನ್ ಸಲ್ಲಿಸುವ ರೂಢಿಯೇ ಇಲ್ಲ. ವೀಸಾ ಕೇಂದ್ರದ ಪಟ್ಟಿಯಲ್ಲಿ ಅದನ್ನು ಕೇಳಿಯೇ ಕೇಳುತ್ತಾರೆ. ತೆರಿಗೆ ಕಟ್ಟಬೇಕಿಲ್ಲದಿದ್ದರೂ ಕೃಷಿ ಆದಾಯದ ಅಂಕಣ ತುಂಬಿ ರಿಟರ್ನ್ ಸಲ್ಲಿಸಬಹುದು. ಪ್ರವಾಸದ ಯೋಚನೆ ಇದ್ದವರು ಒಂದೆರಡು ವರ್ಷ ಮೊದಲೇ ಶುರು ಮಾಡುವುದು ಮೇಲು. ಜಮ್ಮಾ ಜಾಗದ (ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು) ಆರ್‌ಟಿಸಿಯಲ್ಲಿ ಕುಟುಂಬದ ಹಿರಿಯರಾದ ಪಟ್ಟೆದಾರರ ಹೆಸರು ಮೇಲಿದ್ದು ಅರ್ಜಿದಾರರ ಹೆಸರು ಕಾಣದಿದ್ದರೆ, ಕುಟುಂಬದ ಪಾಲಿನ ದಾಖಲೆಯನ್ನೋ ಖರ್ಚು ತಾವು ಭರಿಸುತ್ತೇವೆಂಬ ತಂದೆ ತಾಯಿಯ ಪ್ರಾಯೋಜಕತ್ವ ಪತ್ರವನ್ನೋ ಜೊತೆಗಿಡಿ. ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೋ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ನಿರಾಕರಿಸಿದರೂ ಇದು ವಾಪಸ್ ಬರುವುದಿಲ್ಲ. ಪ್ರವಾಸ ವಿಮೆ 30,000 ಯೂರೋಗೆ ಕಡಿಮೆ ಇರಕೂಡದು.

ಇನ್ನು ದಿನಗಳ ಲೆಕ್ಕ. ಯಾವುದೇ 180 ದಿನಗಳಲ್ಲಿ 90 ದಿನ ಎಂಬುದು ಷೆಂಗೆನ್ ನಿಯಮ. ಕಾಲಿಟ್ಟ ದಿನವೂ ಹೊರಬಿದ್ದ ದಿನವೂ ಎಣಿಕೆಗೆ ಸೇರುತ್ತವೆ. ಏಪ್ರಿಲ್ 20ಕ್ಕೆ ಒಳಗೆ ಹೋದವರು ಎಲ್ಲೂ ಹೊರಬಾರದೆ ಸುತ್ತಿದರೆ ತೊಂಬತ್ತನೆಯ ದಿನ ಜುಲೈ 18. ಅಂದು ಹೊರಟರೆ ಮತ್ತೆ ಒಳಹೋಗಲು ಅಕ್ಟೋಬರ್ 17ರವರೆಗೆ ಕಾಯಬೇಕು. ಒಂದು ದೇಶ ಬಿಟ್ಟು ಇನ್ನೊಂದಕ್ಕೆ ಹೋದರೆ ಎಣಿಕೆ ಹೊಸದಾಗಿ ಶುರುವಾಗುತ್ತದೆ ಎಂದು ನಂಬಿದವರು ಇದ್ದಾರೆ; 29 ದೇಶಕ್ಕೂ ಸೇರಿ ಒಂದೇ ಎಣಿಕೆ. ರೊಮೇನಿಯಾ, ಬಲ್ಗೇರಿಯಾಗಳೂ 2025ರ ಜನವರಿಯಿಂದ ಪೂರ್ತಿಯಾಗಿ ಇದರೊಳಗೆ ಸೇರಿವೆ, ಅಲ್ಲಿ ಕಾಲ ಕಳೆದು ದಿನ ಉಳಿಸುವ ಹಳೆಯ ಉಪಾಯ ಈಗ ನಡೆಯದು. ಇದಕ್ಕಿಂತ ದೊಡ್ಡ ತಪ್ಪು ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾ ಚೀಟಿಯನ್ನು ಓದುವುದರಲ್ಲಿ ಆಗುತ್ತದೆ. ಚೀಟಿಯಲ್ಲಿ ಎರಡು ತಾರೀಖುಗಳಿರುತ್ತವೆ, ಅದರ ಜೊತೆಗೆ ಬೇರೆಯಾಗಿ ದಿನಗಳ ಸಂಖ್ಯೆ ಇರುತ್ತದೆ. ತಾರೀಖುಗಳ ನಡುವೆ 60 ದಿನ ಇದ್ದು ಸಂಖ್ಯೆ 45 ಎಂದಿದ್ದರೆ ನಿಲ್ಲಬಹುದಾದದ್ದು 45 ದಿನ ಮಾತ್ರ. ಮೊದಲ ಸಲ ಹೋಗುವ ಭಾರತೀಯರಿಗೆ ತೊಂಬತ್ತು ದಿನ ಸಿಕ್ಕೇ ಸಿಗುತ್ತದೆಂಬ ಭರವಸೆ ಏನೂ ಇಲ್ಲ. ಸಾಮಾನ್ಯವಾಗಿ ಅರ್ಜಿಯಲ್ಲಿ ತೋರಿಸಿದ ದಿನಚರಿಗೆ ಹೊಂದಿಸಿಯೇ ಕೊಡುತ್ತಾರೆ. ಮೊದಲು ಗಡಿಯಲ್ಲಿ ಮೊಹರು ಹೊಡೆಯುತ್ತಿದ್ದರು, ಮಸುಕಾದ ಮೊಹರಿನ ಮೇಲೆ ವಾದಿಸಲು ಜಾಗವಿತ್ತು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬೆರಳಚ್ಚು ಮತ್ತು ಮುಖದ ಚಿತ್ರದ ದಾಖಲೆ ಬಂದಿದೆ. ಈಗ ದಿನ ಎಣಿಸುವುದು ಕಂಪ್ಯೂಟರು.

ಉದ್ದಕ್ಕೆ ಸುತ್ತುವವರು ನಡುವೆ ಷೆಂಗೆನ್‌ನಿಂದ ಹೊರಬೀಳುವ ಭಾಗವನ್ನೂ ಸೇರಿಸಿಕೊಂಡರೆ ದಿನವೂ ಉಳಿಯುತ್ತದೆ, ಖರ್ಚೂ ಇಳಿಯುತ್ತದೆ. ಆದರೆ ವೀಸಾ ಒಂದೇ ಪ್ರವೇಶದ್ದಾದರೆ ಇಸ್ತಾಂಬುಲಿಗೆ ಹೋದವರು ಮತ್ತೆ ಅಥೆನ್ಸಿಗೆ ಮರಳಲಾಗದು. ಅರ್ಜಿಯಲ್ಲೇ ಬಹುಪ್ರವೇಶ ಕೇಳಬೇಕು, ಕೇಳಿದ್ದಕ್ಕೆ ಕಾರಣವನ್ನು ದಿನಚರಿಯಲ್ಲಿ ತೋರಿಸಬೇಕು. ಚಾಲ್ತಿಯಲ್ಲಿರುವ ಷೆಂಗೆನ್ ವೀಸಾ ಇದ್ದರೆ ಟರ್ಕಿಯ ಇ-ವೀಸಾ ಭಾರತೀಯರಿಗೆ ಸುಲಭ. ಯುರೋಪ್ ಬೇಡ ಎನ್ನುವವರಿಗೆ ವಿಯೆಟ್ನಾಂ 90 ದಿನದವರೆಗೆ ಇ-ವೀಸಾ ಕೊಡುತ್ತದೆ. ಪಕ್ಕದ ಕಾಂಬೋಡಿಯದ ಅಂಗ್ಕೋರ್ ದೇವಾಲಯಗಳಿಗೆ ಮೂರು ದಿನದ ಪಾಸ್ 62 ಡಾಲರ್, ಆ ಮೂರು ದಿನಗಳನ್ನು ಹತ್ತು ದಿನಗಳ ಅವಧಿಯಲ್ಲಿ ಬಿಡಿಬಿಡಿಯಾಗಿ ಬಳಸಬಹುದು. ಒಂದು ದಿನದ್ದೇ 37 ಡಾಲರ್ ಆಗಿರುವಾಗ ಅದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಜೋರ್ಡಾನಿನಲ್ಲಿ ಬಂಡೆ ಕೊರೆದು ಕಟ್ಟಿದ ಹಳೆಯ ನಗರ ಪೆಟ್ರಾದ ಒಂದು ದಿನದ ಟಿಕೆಟ್ 50 ದಿನಾರ್, ವೀಸಾ 40. ಹೊರಡುವ ಮುಂಚೆಯೇ 70 ದಿನಾರಿನ ಜೋರ್ಡಾನ್ ಪಾಸ್ ಕೊಂಡರೆ ಎರಡೂ ಅದರಲ್ಲೇ ಬರುತ್ತವೆ, ಕನಿಷ್ಠ ಮೂರು ರಾತ್ರಿ ಅಲ್ಲಿ ತಂಗಿರಬೇಕಷ್ಟೆ.

ಚಾರಿತ್ರಿಕ ಸ್ಥಳಗಳ ವಿಷಯಕ್ಕೆ ಬಂದರೆ, ಹೋಗಿ ಸಾಲಿನಲ್ಲಿ ನಿಂತು ಟಿಕೆಟ್ ಕೊಳ್ಳುವ ಕಾಲ ಮುಗಿದಿದೆ. ರೋಮಿನ ಕೊಲೊಸಿಯಂ ಟಿಕೆಟ್ 30 ದಿನ ಮೊದಲು ಬಿಡುಗಡೆಯಾಗುತ್ತದೆ, ಟಿಕೆಟಿನ ಮೇಲಿನ ಹೆಸರಿಗೂ ಪಾಸ್‌ಪೋರ್ಟಿಗೂ ತಾಳೆಯಾಗಬೇಕು. ಆಮ್‌ಸ್ಟರ್‌ಡ್ಯಾಮಿನ ಆ್ಯನ್ ಫ್ರ್ಯಾಂಕ್ ಮನೆಯ ಟಿಕೆಟ್ ಆನ್‌ಲೈನ್‌ನಲ್ಲಷ್ಟೇ, ಪ್ರತಿ ಮಂಗಳವಾರ ಆರು ವಾರ ಮುಂದಿನ ದಿನಗಳದ್ದನ್ನು ಬಿಡುತ್ತಾರೆ. ಗ್ರನಡಾದ ಅಲ್‌ಹಂಬ್ರಾದಲ್ಲಿ ನಸ್ರಿದ್ ಅರಮನೆಗೆ ಟಿಕೆಟಿನಲ್ಲಿ ನಮೂದಾದ ಹೊತ್ತಿಗೇ ಹೋಗಬೇಕು. ಆ ಹೊತ್ತು ತಪ್ಪಿದರೆ ಉಳಿದ ಕೋಟೆ, ತೋಟ ನೋಡಿಕೊಂಡು ಬರಬೇಕು. ಆಕ್ರೊಪೊಲಿಸಿಗೂ ಪಾಂಪೆಗೂ ದಿನಕ್ಕೆ 20,000 ಜನರ ಮಿತಿ ಇದೆ. ರಜೆಯ ವಾರಗಳೂ ಬೇರೆ ಬೇರೆ: ಪ್ಯಾರಿಸಿನ ಲೂವ್ರ್ ಮ್ಯೂಸಿಯಂ ಮತ್ತು ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಗೆ ಮಂಗಳವಾರ, ಫ್ಲಾರೆನ್ಸಿನ ಉಫಿಜಿ ಮ್ಯೂಸಿಯಂಗೂ ಪ್ಯಾರಿಸಿನ ಓರ್ಸೆ ಮ್ಯೂಸಿಯಂಗೂ ಸೋಮವಾರ, ವ್ಯಾಟಿಕನ್ ಮ್ಯೂಸಿಯಂಗಳಿಗೆ ಭಾನುವಾರ. ವ್ಯಾಟಿಕನ್ ತಿಂಗಳ ಕೊನೆಯ ಭಾನುವಾರ ಪುಕ್ಕಟೆ ತೆರೆಯುತ್ತದೆ, ಆ ಪುಕ್ಕಟೆಗೆ ಬೆಳಿಗ್ಗೆಯೆಲ್ಲ ಗೋಡೆ ಪಕ್ಕ ನಿಲ್ಲುವುದಕ್ಕಿಂತ ದುಡ್ಡು ಕೊಟ್ಟು ವಾರದ ದಿನ ಹೋಗುವುದು ಲೇಸು. ಲೂವ್ರ್ 2026ರ ಜನವರಿಯಿಂದ ನಮ್ಮಂಥ ಯುರೋಪಿನ ಹೊರಗಿನವರಿಗೆ ಟಿಕೆಟ್ ದರ 32 ಯೂರೋ ಮಾಡಿದೆ. ಪ್ರವಾಸ ಲೇಖನದ ಕೆಳಗೆ ತಮ್ಮ ಪತ್ರಿಕೆ ಇಂಥ ನಾಲ್ಕು ಸಾಲಿನ ಚೌಕಟ್ಟು ಹಾಕಿದರೆ, ಸೂರ್ಯಾಸ್ತದ ಒಂದು ಚಿತ್ರ ಕಡಿಮೆಯಾದರೂ ಓದುಗರು ಬೇಸರಿಸಲಾರರು.

ಒಂದೊಂದು ಊರಿಗೂ ಮೂರು ರಾತ್ರಿಗಿಂತ ಕಡಿಮೆ ಇಡಬೇಡಿ. ಒಂದು ದಿನ ಬಂದಿಳಿಯಲು, ಒಂದು ನೋಡಲು, ಇನ್ನೊಂದರ ಅರ್ಧ ಬಟ್ಟೆ ಒಗೆಯಲು ಹೋಗುತ್ತದೆ.

ಬ್ಯಾಗು 40ರಿಂದ 45 ಲೀಟರ್ ಸಾಕು, ತುಂಬಿದ ತೂಕ ಹತ್ತು ಕಿಲೋ ದಾಟಬಾರದು. ಕೊಳ್ಳುವಾಗ ನಿಮ್ಮ ಎತ್ತರಕ್ಕಿಂತ ಬೆನ್ನಿನ ಉದ್ದ ಮುಖ್ಯ: ಕತ್ತು ಬಗ್ಗಿಸಿದಾಗ ಹಿಂದೆ ಎದ್ದು ಕಾಣುವ ಮೂಳೆಯ ಗಂಟಿನಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟಕ್ಕೆ ಅಳೆಯಿರಿ. ತೊಡುವಾಗ ಮೊದಲು ಸೊಂಟದ ಪಟ್ಟಿ ಬಿಗಿಯಬೇಕು, ಆಮೇಲೆ ಭುಜದ್ದು, ಕೊನೆಗೆ ಎದೆಯದು. ಭುಜದ ಪಟ್ಟಿಯನ್ನೇ ಮೊದಲು ಎಳೆದರೆ ಭಾರವೆಲ್ಲ ಹೆಗಲಿಗೆ ಬಿದ್ದು ಮೂರನೆಯ ದಿನಕ್ಕೆ ಕತ್ತು ಹಿಡಿಯುತ್ತದೆ. ಭಾರದ ಸಾಮಾನು ಬೆನ್ನಿಗೆ ತಾಗಿ ನಡುವಿನಲ್ಲಿರಲಿ. ಮಳೆ ವಿಷಯ ಕೊಡಗಿನವರಿಗೆ ಹೇಳಬೇಕಿಲ್ಲ, ಆದರೂ ಹೊರಗಿನ ರೇನ್ ಕವರ್ ಬೆನ್ನಿನ ಬದಿಯನ್ನು ಮುಚ್ಚುವುದಿಲ್ಲ, ನೀರು ಅಲ್ಲಿಂದಲೇ ಇಳಿಯುತ್ತದೆ. ಬಟ್ಟೆಯನ್ನು ಒಳಗೇ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ. ಗೊಬ್ಬರದ ಮೂಟೆಯೊಳಗಿನ ಪ್ಲಾಸ್ಟಿಕ್ಕೇ ಆದೀತು ಎಂದು ಮಾತ್ರ ಹೊರಡಬೇಡಿ. ನೈಟ್ರೇಟಿನ ಪುಡಿ ಉಳಿದಿದ್ದರೆ ವಿಮಾನ ನಿಲ್ದಾಣದಲ್ಲಿ ಸ್ಫೋಟಕ ಪತ್ತೆಗೆ ಬ್ಯಾಗು ಒರೆಸಿ ನೋಡುವ ಯಂತ್ರ ಕೂಗಿಕೊಳ್ಳಬಹುದು. ಇಷ್ಟು ದೊಡ್ಡ ಬ್ಯಾಗು ಮ್ಯೂಸಿಯಂ ಒಳಗೆ ಬರುವಂತಿಲ್ಲ. ವ್ಯಾಟಿಕನ್‌ನಲ್ಲಿ 40×35×15 ಸೆಂಟಿಮೀಟರ್ ಮೀರಿದ್ದನ್ನು ಹೊರಗಿಡಬೇಕು; ಲೂವ್ರ್‌ನಲ್ಲಿ 55×35×20 ಮೀರಿದ್ದನ್ನು ತೆಗೆದುಕೊಳ್ಳುವುದೇ ಇಲ್ಲ. ಊರು ಬದಲಿಸುವ ದಿನ ಮ್ಯೂಸಿಯಂ ಇಟ್ಟುಕೊಳ್ಳಬಾರದು ಎನ್ನುವುದು ಇದಕ್ಕೇ. ರಯಾನ್‌ಏರ್, ವಿಜ್ ಏರ್‌ನಂಥ ಅಗ್ಗದ ವಿಮಾನಗಳಲ್ಲಿ ಪುಕ್ಕಟೆ ಒಯ್ಯಬಹುದಾದ ಬ್ಯಾಗಿನ ಅಳತೆ 40×30×20 ಮಾತ್ರ. ದೊಡ್ಡದಕ್ಕೆ ಟಿಕೆಟ್ ಕೊಳ್ಳುವಾಗಲೇ ಹಣ ಕಟ್ಟಿ, ಗೇಟಿನ ಬಳಿ ಕಟ್ಟುವ ದಂಡದ ಮುಂದೆ ಟಿಕೆಟ್ ದರವೇ ಸಣ್ಣದೆನಿಸುತ್ತದೆ.

ತೋಟಕ್ಕೆ, ಕಾಡಿಗೆ ಒಯ್ಯುತ್ತಿದ್ದ ಬ್ಯಾಗನ್ನೇ ಒಯ್ಯುವವರು ಜೇಬು ಜೇಬನ್ನೂ ತಡಕಬೇಕು. ಕೋವಿ ಪರವಾನಗಿ ವಿನಾಯಿತಿ ಇರುವ ನಾಡು ನಮ್ಮದು. ಮೂಲೆಯಲ್ಲಿ ಒಂದು ಕಾಡತೂಸು ಉಳಿದಿದ್ದರೆ ಆ ವಿನಾಯಿತಿ ವಿಮಾನ ನಿಲ್ದಾಣದಲ್ಲಿ ಕೈಹಿಡಿಯದು, ಪೊಲೀಸ್ ಕೇಸು ಆಗುತ್ತದೆ. ತಿಂಡಿಯ ವಿಷಯದಲ್ಲೂ ಎಚ್ಚರ. ಐರೋಪ್ಯ ಒಕ್ಕೂಟದೊಳಕ್ಕೆ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ: ಪಂದಿ ಕರಿ (ಹಂದಿ ಮಾಂಸದ ಪಲ್ಯ) ಎಷ್ಟೇ ಚೆನ್ನಾಗಿ ಪ್ಯಾಕ್ ಮಾಡಿದ್ದರೂ, ತುಪ್ಪ ಎಷ್ಟೇ ಚಿಕ್ಕ ಡಬ್ಬಿಯಲ್ಲಿದ್ದರೂ ಕಸದ ಬುಟ್ಟಿಗೆ. ತೆಂಗು, ಬಾಳೆ, ಅನಾನಸು, ಖರ್ಜೂರ, ಡುರಿಯನ್ ಬಿಟ್ಟು ಉಳಿದ ಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಆದ್ದರಿಂದ ಕೊಡಗಿನ ಕಿತ್ತಳೆಯೂ ಹೋಗದು. ಕಾಫಿ ಪುಡಿಗೆ ತೊಂದರೆಯಿಲ್ಲ. ಜೇನು ಎರಡು ಕಿಲೋವರೆಗೆ ಸರಿ, ಆದರೆ ಅದನ್ನೂ ಅಡುಗೆಗೆ ಹುಳಿಯಾಗಿ ಬಳಸುವ ಕಾಚಂಪುಳಿಯನ್ನೂ ಕೈಬ್ಯಾಗಿನಲ್ಲಿಡಬೇಡಿ, ಎರಡೂ ದ್ರವದ ಲೆಕ್ಕ. ಕೋಳಿ ಸಾರಿನ ಮಸಾಲೆ ಪುಡಿಯಲ್ಲಿ ಗಸಗಸೆ ಇದ್ದರೆ ದುಬೈ ಮಾರ್ಗವಾಗಿ ಹೋಗುವವರು ಅದನ್ನು ಮನೆಯಲ್ಲೇ ಬಿಡಿ. ಅಲ್ಲಿ ಗಸಗಸೆ ನಿಷಿದ್ಧ ವಸ್ತು.

ಹಣದ ಬಗ್ಗೆ ಎರಡೇ ಮಾತು. ಹೊರಡುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ತೆರೆಯಿರಿ, ಒಟಿಪಿ ಬರುವ ಸಿಮ್ಮಿನ ರೀಚಾರ್ಜ್ ಅವಧಿ ಪ್ರವಾಸ ಮುಗಿಯುವವರೆಗೂ ಇರಲಿ. ಅಂಗಡಿಯ ಯಂತ್ರವೋ ಎಟಿಎಮ್ಮೋ ಹಣವನ್ನು ರೂಪಾಯಿ ಲೆಕ್ಕದಲ್ಲಿ ಕಳೆಯಲೇ ಎಂದು ಕೇಳಿದರೆ ಬೇಡವೆನ್ನಿ, ಆ ದೇಶದ ಕರೆನ್ಸಿಯನ್ನೇ ಆರಿಸಿ; ರೂಪಾಯಿ ಆರಿಸಿದರೆ ವಿನಿಮಯ ದರ ಅವರು ಹಾಕಿದ್ದೇ ಆಗುತ್ತದೆ.

ಇನ್ನು ಹೆಸರು. ಮನೆ ಹೆಸರು ಮೊದಲು ಬರುವ ನಮ್ಮ ಕ್ರಮ ಶಾಲೆಯ ಅಂಕಪಟ್ಟಿಯಲ್ಲಿ ಇನಿಷಿಯಲ್ ಆಗಿ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಆಗಿ, ಟಿಕೆಟಿನಲ್ಲಿ ಇನ್ನೊಂದಾಗಿ ಇರುವುದುಂಟು. ಟಿಕೆಟ್, ವಿಮೆ, ಮ್ಯೂಸಿಯಂ ಬುಕಿಂಗ್ ಎಲ್ಲವೂ ಪಾಸ್‌ಪೋರ್ಟಿನ ಅಕ್ಷರಗಳಂತೆಯೇ ಇರಬೇಕು. ಪಾಸ್‌ಪೋರ್ಟ್ ಹೊಸದಾಗಿ ಮಾಡಿಸುವವರು 36 ಪುಟದ್ದರ ಬದಲು 60 ಪುಟದ್ದು ಕೇಳಲಿ, ಶುಲ್ಕ 1,500ರ ಬದಲು 2,000 ರೂಪಾಯಿ. ಷೆಂಗೆನ್‌ಗೆ ಅದು ವಾಪಸಾಗುವ ದಿನದ ನಂತರ ಮೂರು ತಿಂಗಳಾದರೂ ಊರ್ಜಿತವಿರಬೇಕು, ಎರಡು ಪುಟ ಖಾಲಿ ಇರಬೇಕು. ದಾರಿಯಲ್ಲಿ ಕಳೆದುಹೋದರೆ ಸ್ಥಳೀಯ ಪೊಲೀಸರಿಂದ ದೂರಿನ ಪ್ರತಿ ಪಡೆದು ಭಾರತೀಯ ರಾಯಭಾರ ಕಚೇರಿಗೆ ಹೋಗಿ. ಬೇಗ ಸಿಗುವುದು ತುರ್ತು ಪ್ರಮಾಣಪತ್ರ, ಆದರೆ ಅದು ಭಾರತಕ್ಕೆ ಮರಳಲು ಮಾತ್ರ. ಮುಂದಿನ ಊರಿಗೆ ಹೋಗಬೇಕೆಂದಿದ್ದರೆ ಹೊಸ ಪಾಸ್‌ಪೋರ್ಟಿಗೇ ಅರ್ಜಿ ಹಾಕಿ ಅಲ್ಲೇ ಕಾಯಬೇಕು, ವೀಸಾವನ್ನೂ ಹೊಸದಾಗಿ ಪಡೆಯಬೇಕಾಗಬಹುದು. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ ಚೀಟಿ ಇವುಗಳ ಪ್ರತಿಯನ್ನು ಬ್ಯಾಗಿನಲ್ಲಿ ಬೇರೆ ಕಡೆ ಒಂದು, ಊರಿನ ಮನೆಯಲ್ಲಿ ಒಂದು ಇಡಿ.

ಇತಿ,
ಪ್ರವಾಸಾಸಕ್ತ ಗೆಳೆಯರು,
ವಿರಾಜಪೇಟೆ, ಕೊಡಗು