ಗಂಟಿಗೆ ಬಿಸಿನೀರಿನ ಚೀಲ ಮದ್ದಲ್ಲ

ಸಂಪಾದಕರೇ,

ಶಾಖ ಕೊಟ್ಟರೆ ಕ್ಯಾನ್ಸರ್ ಗಡ್ಡೆ ಕರಗುತ್ತೆ ಅನ್ನೋ ವಿಡಿಯೊ ನೋಡಿ ನಮ್ಮ ಪಕ್ಕದ ಮನೆಯ ಅತ್ತೆ ಎದೆಯ ಗಂಟಿಗೆ ದಿನಾ ಹರಳೆಣ್ಣೆ ಸವರಿ ಬಿಸಿನೀರಿನ ಚೀಲ ಇಡುತ್ತಿದ್ದರು, ಚರ್ಮ ಕೆಂಪಾಗಿ ಬೊಕ್ಕೆ ಎದ್ದಿದ್ದೇ ಬಂತು. ಶಾಖದ ಚಿಕಿತ್ಸೆ ಇರೋದು ನಿಜ. ಹೈಪರ್‌ಥರ್ಮಿಯಾ ಅಂತಾರೆ. ಆದರೆ ಅಲ್ಲಿ ಮೈಕ್ರೋವೇವ್ ಅಥವಾ ರೇಡಿಯೊ ತರಂಗದಿಂದ ಗಡ್ಡೆಯನ್ನು ಸುಮಾರು 40ರಿಂದ 43 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ, ಕ್ಷಣಕ್ಷಣಕ್ಕೂ ಅಳೆಯುತ್ತಾ ಒಂದು ತಾಸಿನಷ್ಟು ಹೊತ್ತು ಅಷ್ಟೇ ಬಿಸಿಯಲ್ಲಿ ಇಡುತ್ತಾರೆ. ಆ ಬಿಸಿಗೆ, ರೇಡಿಯೇಷನ್‌ನಿಂದ ಆದ ಪೆಟ್ಟನ್ನು ಕ್ಯಾನ್ಸರ್ ಕಣಕ್ಕೆ ರಿಪೇರಿ ಮಾಡಿಕೊಳ್ಳೋದು ಕಷ್ಟವಾಗುತ್ತದೆ. ಹಾಗಾಗಿ ಹೆಚ್ಚಾಗಿ ರೇಡಿಯೇಷನ್, ಕೀಮೋ ಜೊತೆಗೇ ಕೊಡೋದು, ಅವುಗಳ ಬದಲಿಗೆ ಅಲ್ಲ. ಶಿರಸಿಯಿಂದ ಮಣಿಪಾಲ ಅಂದ್ರೆ ಘಟ್ಟ ಇಳಿಯಬೇಕು, ಖರ್ಚೂ ಜಾಸ್ತಿ, ಗೊತ್ತು. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಾದರೂ ತೋರಿಸಿ.

– ಒಬ್ಬ ಓದುಗ, ಶಿರಸಿ