ಬಂಡೆ ಹತ್ತುವ ಯುವಜನರಿಗೆ ಬಲ್ಲ ತರಬೇತುದಾರರು ಬೇಕು

ಮಾನ್ಯ ಸಂಪಾದಕರೇ,

ಕುಮಟಾ ತಾಲ್ಲೂಕಿನ ನಮ್ಮ ಧರ್ಮಕೇಂದ್ರದ, ಅಂದರೆ ನಮ್ಮ ಚರ್ಚಿನ, ಯುವ ಸಂಘಟನೆಯವರು ಮುಂದಿನ ರಜೆಯಲ್ಲಿ ಬಂಡೆ ಹತ್ತುವ ತರಬೇತಿ ಹಾಗೂ ಡೇರೆ ವಾಸದ ಶಿಬಿರವೊಂದನ್ನು ನಡೆಸಲು ಯೋಚಿಸಿದ್ದಾರೆ. ಭಾನುವಾರದ ಪೂಜೆಯ ನಂತರ ಈ ವಿಚಾರ ಪಾಲಕರ ಮುಂದೆ ಬಂದಾಗ, ಮಕ್ಕಳನ್ನು ಅಂಥ ಕಡೆಗೆ ಕಳಿಸುವುದೇ ಬೇಡ, ಚರ್ಚಿನ ಸಭಾಂಗಣದಲ್ಲಿಯೇ ಒಂದು ದಿನದ ಧ್ಯಾನಕೂಟ ನಡೆಸಿದರೆ ಸಾಕು ಎಂಬ ಮಾತು ಬಲವಾಗಿ ಕೇಳಿಬಂತು. ಶಿಬಿರಕ್ಕೆ ಹೊರಟಿರುವ ಮಗ ಮತ್ತು ಮಗಳ ತಂದೆಯಾಗಿ ನಾನು ಈ ಪತ್ರ ಬರೆಯುತ್ತಿದ್ದೇನೆ. ಶಿಬಿರ ನಡೆಯಬೇಕು, ಅಲ್ಲಿ ಹಗ್ಗ ಹಿಡಿಯುವವರು ತರಬೇತಿ ಪಡೆದವರೇ ಆಗಿರಬೇಕು, ಅಂಥವರನ್ನು ನಮ್ಮ ಜಿಲ್ಲೆಯಲ್ಲಿಯೇ ಸಿದ್ಧಪಡಿಸುವ ಹೊಣೆಯನ್ನು ಸರ್ಕಾರ ಹೊರಬೇಕು ಎಂಬುದು ನನ್ನ ನಿಲುವು.

ಪಾಲಕರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಜೀವ ಕಳೆದುಕೊಂಡ ದುಃಖವನ್ನು ಈ ಕರಾವಳಿಯ ಯಾವ ತಂದೆ ತಾಯಿಯೂ ಮರೆತಿಲ್ಲ. ಆದರೆ ಆ ಭಯದಿಂದ ನಾವು ಶಿಬಿರವನ್ನೇ ನಿಲ್ಲಿಸಿದರೆ, ಹದಿನೆಂಟು ಇಪ್ಪತ್ತು ವಯಸ್ಸಿನ ಹುಡುಗರು ಬೈಕ್ ಹತ್ತಿ, ಯಾರಿಗೂ ಹೇಳದೆ, ಮೊಬೈಲಿನಲ್ಲಿ ಕಂಡ ಜಲಪಾತದ ಬಂಡೆಗಳಿಗೆ ತಾವೇ ಹೋಗುತ್ತಾರೆ. ಹಿರಿಯರ ಕಣ್ಣಿನ ಮುಂದೆ, ಹೆಲ್ಮೆಟ್ ಹಾಕಿಕೊಂಡು, ಬಲ್ಲವರಿಂದ ಕಲಿಯುವ ಅವಕಾಶವನ್ನು ಮುಚ್ಚಿ ಅವರನ್ನು ಆ ದಾರಿಗೆ ತಳ್ಳುವುದು ಜವಾಬ್ದಾರಿಯ ಲಕ್ಷಣವಲ್ಲ.

ಚರ್ಚಿನ ಯುವಜನರಿಗೂ ಬೆಟ್ಟ ಹತ್ತುವುದಕ್ಕೂ ಏನು ಸಂಬಂಧ ಎಂದು ಹಿರಿಯರೊಬ್ಬರು ಸಭೆಯಲ್ಲಿ ಕೇಳಿದರು. ಇಟಲಿಯ ಟುರಿನ್ ನಗರದ ಪಿಯರ್ ಜಾರ್ಜಿಯೊ ಫ್ರಸ್ಸಾತಿ ಆಲ್ಪ್ಸ್ ಪರ್ವತಗಳನ್ನು ಹತ್ತುತ್ತಿದ್ದ ಯುವಕ. ಬಡವರ ಮನೆಗಳಿಗೆ ಔಷಧ, ಆಹಾರ ಹೊತ್ತು ಹೋಗುತ್ತಿದ್ದವನು. 1925ರಲ್ಲಿ, ಕೇವಲ 24ನೆಯ ವಯಸ್ಸಿನಲ್ಲಿ ಪೋಲಿಯೊದಿಂದ ತೀರಿಕೊಂಡವನು. ಅವನನ್ನು 2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೆಯ ಲಿಯೋ ಅವರು ಸಂತನೆಂದು ಘೋಷಿಸಿದರು. 1922ರಿಂದ 1939ರವರೆಗೆ ಪೋಪ್ ಆಗಿದ್ದ ಹನ್ನೊಂದನೆಯ ಪಿಯುಸ್ ಅವರು ಚರ್ಚಿನ ಗುರುಗಳಾಗಿದ್ದ ಕಾಲದಲ್ಲಿ ಸ್ವತಃ ನುರಿತ ಪರ್ವತಾರೋಹಿಯಾಗಿದ್ದರು. ಒಬ್ಬ ಹುಡುಗ ಬಂಡೆಯ ಮೇಲಿರುವಾಗ ಕೆಳಗೆ ನಿಂತು ಅವನ ಹಗ್ಗವನ್ನು ಕಾಯುವ ಕೆಲಸಕ್ಕೆ ಬಿಲೇ ಎನ್ನುತ್ತಾರೆ. ಆ ಹೊತ್ತಿನಲ್ಲಿ ಮೇಲಿನವನ ಜೀವ ಕೆಳಗಿನವನ ಕೈಯಲ್ಲಿರುತ್ತದೆ. ಪರರ ಹೊಣೆ ಹೊರುವುದನ್ನು ಯುವಜನರಿಗೆ ಇಷ್ಟು ನೇರವಾಗಿ ಕಲಿಸುವ ಚಟುವಟಿಕೆ ನಮ್ಮ ಸಭಾಂಗಣದೊಳಗೆ ನಡೆಯುವ ಕಾರ್ಯಕ್ರಮಗಳಲ್ಲಿ ನನಗೆ ಕಂಡಿಲ್ಲ.

ಆದರೆ ಆ ಹಗ್ಗ ಎಂಥದು, ಅದನ್ನು ಕಟ್ಟಿದವರು ಯಾರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಮ್ಮ ಕರಾವಳಿಯಲ್ಲಿ ದೋಣಿಗೆ, ಬಲೆಗೆ ಬಳಸುವ ಪ್ಲಾಸ್ಟಿಕ್ ಹಗ್ಗ ಮನೆಮನೆಯಲ್ಲಿಯೂ ಸಿಗುತ್ತದೆ. ನೋಡಲು ದಪ್ಪವಾಗಿ, ಗಟ್ಟಿಯಾಗಿಯೂ ಇರುತ್ತದೆ. ದೋಣಿ ಎಳೆದ ಹಗ್ಗಕ್ಕೆ ಒಬ್ಬ ಹುಡುಗನ ಭಾರವೇನು ಮಹಾ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆ ಹಗ್ಗ ಉಜ್ಜಾಟದ ಬಿಸಿಗೆ ಬೇಗನೆ ಕರಗುತ್ತದೆ, ಬಿಸಿಲಿಗೆ ಸವೆಯುತ್ತದೆ, ಮತ್ತು ಬೀಳುವವನ ರಭಸವನ್ನು ತಾಳಿಕೊಳ್ಳುವಂತೆ ಅದನ್ನು ಮಾಡಿರುವುದಿಲ್ಲ. ಬಂಡೆ ಹತ್ತುವ ಹಗ್ಗವು ನೈಲಾನ್ ಎಳೆಗಳ ಒಳತಿರುಳು ಮತ್ತು ಅದರ ಮೇಲೆ ಹೆಣೆದ ಕವಚ ಎಂಬ ಎರಡು ಭಾಗಗಳಿಂದ ಕೂಡಿದ್ದು, ಹತ್ತುವವನು ಜಾರಿದರೆ ತಾನು ಸ್ವಲ್ಪ ಹಿಗ್ಗಿ ಅವನ ಬೆನ್ನಿಗೂ ಸೊಂಟಕ್ಕೂ ಪೆಟ್ಟಾಗದಂತೆ ಹಿಡಿಯುತ್ತದೆ. ಬಂಡೆಯಿಂದ ಇಳಿಯಲು ಬಳಸುವ ಹಿಗ್ಗದ ಹಗ್ಗವೇ ಬೇರೆ. ಒಮ್ಮೆಯೂ ಬಳಸದಿದ್ದರೂ ತಯಾರಕರು ಹೇಳಿದ ಅವಧಿ ಮುಗಿದ ಮೇಲೆ ಹಗ್ಗವನ್ನು ಬಿಟ್ಟುಬಿಡಬೇಕಾಗುತ್ತದೆ. ಕಲಿಯುವವರಿಗೆ ಹಗ್ಗವನ್ನು ಮೇಲಿನಿಂದಲೇ ಇಳಿಬಿಟ್ಟಿರಬೇಕು. ಮೇಲೆ ಅದನ್ನು ಒಂದರ ಮೇಲೊಂದು ಅವಲಂಬಿಸದ ಕನಿಷ್ಠ ಎರಡು ಕಡೆ ಬಿಗಿದಿರಬೇಕು. ಪ್ರತಿ ಬಾರಿಯೂ ಹತ್ತುವ ಮೊದಲು ಸೊಂಟಕ್ಕೂ ತೊಡೆಗೂ ಬಿಗಿಯುವ ಹಾರ್ನೆಸ್ ಪಟ್ಟಿ, ಗಂಟು, ಹಗ್ಗ ಸಿಕ್ಕಿಸುವ ಲೋಹದ ಕೊಂಡಿಗಳಾದ ಕ್ಯಾರಬೀನರ್‌ಗಳನ್ನು ಹತ್ತುವವನು ಮತ್ತು ಹಗ್ಗ ಕಾಯುವವನು ಪರಸ್ಪರ ಪರೀಕ್ಷಿಸಬೇಕು. ಇದು ಹಿಂದಿನ ರಾತ್ರಿ ವಿಡಿಯೊ ನೋಡಿ ಕಲಿಯುವ ವಿದ್ಯೆಯಲ್ಲ. ಡಾರ್ಜಿಲಿಂಗ್‌ನಲ್ಲಿ 1954ರಿಂದ, ಉತ್ತರಕಾಶಿಯಲ್ಲಿ 1965ರಿಂದ ಪರ್ವತಾರೋಹಣ ಸಂಸ್ಥೆಗಳು ನಡೆಯುತ್ತಿವೆ. ನಮ್ಮ ರಾಜ್ಯದಲ್ಲಿಯೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಶಿಬಿರ ನಡೆಸಿಕೊಡುತ್ತೇವೆಂದು ಬರುವವರು ಇಂಥ ಕಡೆ ಕಲಿತಿದ್ದಾರೆಯೇ ಎಂದು ಪ್ರಮಾಣಪತ್ರ ಕೇಳಿ ನೋಡಲು ನಮ್ಮ ಚರ್ಚುಗಳ ಪಾಲನಾ ಮಂಡಳಿಗಳು ಸಂಕೋಚಪಡಬಾರದು. ಕೇಳಿದ್ದಕ್ಕೆ ಬೇಸರಿಸುವ ತರಬೇತುದಾರರ ಕೈಗೆ ಮಕ್ಕಳನ್ನು ಕೊಡದಿರುವುದೇ ಲೇಸು.

ಎರಡನೆಯದು ಕಲ್ಲಿನ ವಿಷಯ. ನಮ್ಮ ಗುಡ್ಡಗಳ ನೆತ್ತಿಯಲ್ಲಿ ಕಾಣುವುದು ಬಹುಪಾಲು ಚಿರೇಕಲ್ಲು. ಮನೆ ಕಟ್ಟಲು ಅದು ಒಳ್ಳೆಯದು, ಆದರೆ ಕೈಗೆ ಸಿಕ್ಕ ಅಂಚೇ ಉದುರಿ ಬರುವ ಆ ಕಲ್ಲು ಹಗ್ಗ ಬಿಗಿಯಲು ತಕ್ಕದ್ದಲ್ಲ. ಯಾಣದ ಬಂಡೆಗಳ ಹೆಸರು ಸಭೆಯಲ್ಲಿ ಮತ್ತೆ ಮತ್ತೆ ಬಂತು. 120 ಮೀಟರ್ ಎತ್ತರದ ಭೈರವೇಶ್ವರ ಶಿಖರವನ್ನೂ 90 ಮೀಟರ್‌ನ ಮೋಹಿನಿ ಶಿಖರವನ್ನೂ ನೋಡಿದ ಯಾವ ಹುಡುಗನಿಗಾದರೂ ಹತ್ತುವ ಆಸೆ ಹುಟ್ಟೀತು. ಆದರೆ ಅದು ಶಿವರಾತ್ರಿಯಲ್ಲಿ ಸಾವಿರಾರು ಭಕ್ತರು ಸೇರುವ ದೇವಸ್ಥಾನ. ಅಲ್ಲಿ ಹಗ್ಗ ಹಾಕುವುದಾಗಲಿ, ಮೊಳೆ ಹೊಡೆಯುವುದಾಗಲಿ ಸಲ್ಲದು. ನಮ್ಮ ಪೂಜಾಸ್ಥಳದ ಗೋಡೆಯನ್ನು ಬೇರೆಯವರು ಹತ್ತಿದರೆ ನಮಗೆ ಹೇಗೆ ಅನ್ನಿಸುತ್ತದೋ ಅವರಿಗೂ ಹಾಗೆಯೇ ಅನ್ನಿಸುತ್ತದೆ. ಅದರ ಮೇಲೆ ಆ ಬಂಡೆಗಳ ತುಂಬ ಹೆಜ್ಜೇನು ಗೂಡುಗಳಿವೆ. ಹಗ್ಗದಲ್ಲಿ ನೇತಾಡುವವನ ಮೇಲೆ ಹೆಜ್ಜೇನು ಎದ್ದರೆ ಓಡಲು ದಾರಿಯಿರುವುದಿಲ್ಲ. ಹತ್ತುವುದನ್ನು ಕಲಿಯಲು ಬಾದಾಮಿಯ ಕೆಂಪು ಮರಳುಗಲ್ಲು ಇದೆ. ದೇಶದ ನಾನಾ ಭಾಗಗಳಿಂದ ಆರೋಹಿಗಳು ಅಲ್ಲಿಗೆ ಬರುತ್ತಾರೆ, ಶಿರಸಿ, ಹುಬ್ಬಳ್ಳಿ ಮಾರ್ಗವಾಗಿ ನಮಗೆ ಅದು ಒಂದು ಹಗಲಿನ ಪ್ರಯಾಣ. ಸಂರಕ್ಷಿತ ಗುಹೆ ಮತ್ತು ಸ್ಮಾರಕಗಳಿಂದ ದೂರವಿದ್ದು, ತರಬೇತುದಾರರು ತೋರಿಸಿದ ಬಂಡೆಗಳಲ್ಲಿ ಮಾತ್ರ ಅಭ್ಯಾಸ ಮಾಡಿಸಿ, ಡೇರೆ ವಾಸವನ್ನು ನಮ್ಮ ಘಟ್ಟದ ಊರುಗಳಲ್ಲಿ ಇಟ್ಟುಕೊಳ್ಳುವುದು ಸರಿಯಾದ ಕ್ರಮವೆಂದು ನನಗೆ ತೋರುತ್ತದೆ.

ಯಾವಾಗ ಹೋಗಬೇಕೆಂಬುದನ್ನು ನಾವು ಇದುವರೆಗೆ ಶಾಲೆಯ ರಜಾಪಟ್ಟಿ ನೋಡಿ ತೀರ್ಮಾನಿಸುತ್ತ ಬಂದಿದ್ದೇವೆ. ಕಾಡಿನ ಪಂಚಾಂಗವನ್ನು ಯಾರೂ ನೋಡುವುದಿಲ್ಲ. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಬಾದಾಮಿಯ ಕಲ್ಲು ಕಾದ ಹಂಚಿನಂತಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ಘಟ್ಟದ ಕಾಡುಗಳಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಉಣುಗುಗಳ, ಅಂದರೆ ಉಣ್ಣೆ ಹುಳಗಳ, ಕಡಿತದಿಂದ ಹರಡುತ್ತದೆ. ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ ಇದರ ಹಾವಳಿ ಹೆಚ್ಚು. ನಮ್ಮ ಜಿಲ್ಲೆಯ ಸಿದ್ದಾಪುರ ತಾಲ್ಲೂಕು 2024ರಲ್ಲಿಯೂ ಇದರ ಕಷ್ಟವನ್ನು ಅನುಭವಿಸಿದೆ. ಒಣ ತರಗೆಲೆಗಳ ಮೇಲೆ ಡೇರೆ ಹಾಸಿ ಮಲಗುವವರು ಉಣುಗುಗಳಿಗೆ ನೇರವಾಗಿ ಸಿಕ್ಕುತ್ತಾರೆ. ಆದ್ದರಿಂದ ಕಾಡಿನೊಳಗೆ ಮಲಗುವ ಬದಲು ಊರಿನ ಶಾಲೆಯ ಅಂಗಳದಲ್ಲೋ ಕೊಯ್ಲಾದ ಗದ್ದೆಯಲ್ಲೋ ಡೇರೆ ಹಾಕಬೇಕು. ಮೈತುಂಬ ಬಟ್ಟೆ ಧರಿಸಿ, ಉಣುಗು ಕಡಿಯದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಬೇಕು. ಸಂಜೆ ಬಿಸಿನೀರಿನ ಸ್ನಾನ ಮಾಡಿ ಮೈಯನ್ನು ಪರೀಕ್ಷಿಸಿಕೊಳ್ಳಬೇಕು. ಮನೆಗೆ ಮರಳಿದ ನಂತರ ಯಾರಿಗಾದರೂ ಜ್ವರ ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಬೇಕು. ನನ್ನ ಮಟ್ಟಿಗೆ ದಸರಾ ರಜೆಯೇ ಶಿಬಿರಕ್ಕೆ ತಕ್ಕ ಸಮಯ. ಮುಂಗಾರು ಮುಗಿದಿರುತ್ತದೆ, ಕಾಡು ಇನ್ನೂ ಹಸಿಯಾಗಿರುತ್ತದೆ. ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ ಬರುವ ಸಂಭವ ಇರುವುದರಿಂದ ಬಂಡೆಯ ಅಭ್ಯಾಸವನ್ನು ಬೆಳಗಿನ ಹೊತ್ತಿನಲ್ಲಿಯೇ ಮುಗಿಸಬೇಕು.

ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನೊಳಗೆ ಹೆಜ್ಜೆಯಿಡಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಮಿತಿಮೀರಿ ಜನ ಸೇರಿದ ಮೇಲೆ ಚಾರಣಕ್ಕೆ ಆನ್‌ಲೈನ್ ನೋಂದಣಿಯ ವ್ಯವಸ್ಥೆ ಬಂದಿದೆ. ಊರವರು ಕಾಯ್ದುಕೊಂಡು ಬಂದ ದೇವರಕಾಡುಗಳ ಹತ್ತಿರ ಡೇರೆ, ಧ್ವನಿವರ್ಧಕ, ಬೆಂಕಿ ಯಾವುದೂ ಬೇಡ.

ಹೆಣ್ಣುಮಕ್ಕಳ ಬಗ್ಗೆ ಎರಡು ಮಾತು ಹೇಳದಿದ್ದರೆ ಪತ್ರ ಅಪೂರ್ಣವಾಗುತ್ತದೆ. ಹುಡುಗರು ಹೋಗಲಿ, ಹುಡುಗಿಯರು ಬೇಡ ಎಂದವರೂ ನಮ್ಮ ಸಭೆಯಲ್ಲಿ ಇದ್ದರು. ಬಂಡೆ ಹತ್ತುವುದರಲ್ಲಿ ತೋಳಿನ ಬಲಕ್ಕಿಂತ ಕಾಲಿನ ನೆಲೆ ಮತ್ತು ಮೈಯ ಸಮತೋಲ ಹೆಚ್ಚು ಕೆಲಸಕ್ಕೆ ಬರುತ್ತವೆ. ಹುಡುಗಿಯರು ಇದನ್ನು ಹುಡುಗರಷ್ಟೇ ಚೆನ್ನಾಗಿ ಕಲಿಯುತ್ತಾರೆ. ಅವರ ಜೊತೆಗೆ ಕಾನ್ವೆಂಟಿನ ಸಿಸ್ಟರ್‌ಗಳೂ ಇಬ್ಬರು ಮೂವರು ತಾಯಂದಿರೂ ಇರಲಿ, ಡೇರೆಗಳು ಬೇರೆ ಬೇರೆಯಾಗಿರಲಿ, ಪ್ರತಿ ಮಗುವಿನ ಪಾಲಕರಿಂದಲೂ ಲಿಖಿತ ಒಪ್ಪಿಗೆ ಪಡೆಯಲಿ, ಯಾವ ಹಿರಿಯರೂ ಯಾವ ಮಗುವಿನೊಂದಿಗೂ ಒಂಟಿಯಾಗಿ ಉಳಿಯದಂತೆ ನಿಯಮವಿರಲಿ. ಹದಿನೆಂಟು ತುಂಬದ ಮಕ್ಕಳನ್ನು ರಾತ್ರಿ ತಂಗಲು ಕರೆದೊಯ್ಯುವಾಗ ಇಷ್ಟು ಕಟ್ಟುನಿಟ್ಟು ಗಂಡುಮಕ್ಕಳ ವಿಷಯದಲ್ಲಿಯೂ ಬೇಕು. ಇಷ್ಟನ್ನು ಮಾಡಿದ ಮೇಲೆ ನನ್ನ ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳಲು ನನಗೆ ಯಾವ ಕಾರಣವೂ ಉಳಿಯುವುದಿಲ್ಲ.

ಘಟ್ಟ, ನದಿ, ಕಡಲು ಮೂರೂ ಇರುವ ಜಿಲ್ಲೆ ನಮ್ಮದು. ಹೀಗಿದ್ದೂ ಒಂದು ಶಿಬಿರ ನಡೆಸಬೇಕೆಂದರೆ ನಾವು ಬೆಂಗಳೂರಿನಿಂದ ತರಬೇತುದಾರರನ್ನು ಕರೆಸಬೇಕಾಗಿದೆ. ಅವರ ಪ್ರಯಾಣ ಮತ್ತು ಗೌರವಧನದ ಖರ್ಚನ್ನು ಮೀನುಗಾರರ, ಕೂಲಿಕಾರರ ಮನೆಯ ಮಕ್ಕಳಿರುವ ಸಂಘಟನೆ ಹೊರಲಾರದು. ಹೊರಲಾಗದಿದ್ದಾಗಲೇ ದೋಣಿಯ ಹಗ್ಗ ಹೊರಬರುತ್ತದೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಹಗ್ಗ ಬಳಸಬಲ್ಲ, ಪ್ರಥಮ ಚಿಕಿತ್ಸೆ ಬಲ್ಲ ಯುವಜನರು ಇಂಥ ನೆಲದಲ್ಲಿ ಎಷ್ಟು ಅಗತ್ಯವೆಂಬುದು ಮನವರಿಕೆಯಾಗಿದೆ. ಆದ್ದರಿಂದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ತನ್ನ ಸಾಹಸ ಅಕಾಡೆಮಿಯ ಮೂಲಕ ಕಾರವಾರ ಅಥವಾ ಶಿರಸಿಯಲ್ಲಿ ತರಬೇತುದಾರರ ತರಗತಿಯೊಂದನ್ನು ನಡೆಸಬೇಕು, ಅದಕ್ಕೆ ಚರ್ಚಿನ, ಯುವಕ ಮಂಡಲಗಳ, ಕಾಲೇಜುಗಳ ಯುವಕ ಯುವತಿಯರನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಪಾಸಾದವರ ಪಟ್ಟಿಯನ್ನು ಜಿಲ್ಲಾಡಳಿತ ಪ್ರಕಟಿಸಬೇಕು, ಹಗ್ಗ, ಹಾರ್ನೆಸ್, ಹೆಲ್ಮೆಟ್‌ಗಳ ಒಂದು ಸಂಗ್ರಹವನ್ನು ಜಿಲ್ಲಾ ಕೇಂದ್ರದಲ್ಲಿಟ್ಟು ಕಡಿಮೆ ಬಾಡಿಗೆಗೆ ಕೊಡಬೇಕು ಎಂದು ವಿನಂತಿಸುತ್ತೇನೆ. ಮುಂದಿನ ದಸರಾ ರಜೆಗೆ ಮೊದಲೇ ಇಲಾಖೆಯವರು ದಿನ ಗೊತ್ತುಮಾಡಿದರೆ, ಕಲಿಯಲು ಹೆಸರು ಕೊಡುವ ಯುವಕ ಯುವತಿಯರು ನಮ್ಮ ಧರ್ಮಕೇಂದ್ರದಲ್ಲಿ ಈಗಾಗಲೇ ಸಿದ್ಧರಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಪಾಲಕ,
ಕುಮಟಾ ತಾಲ್ಲೂಕು, ಉತ್ತರ ಕನ್ನಡ